ಖಳನಾಯಕ ಸತ್ತರೆ ಸಾಕೇ?

ಪ್ರಶ್ನೆ: ನಾನು ಮೂರು ಸಂಪುಟಗಳ ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಮೊದಲ ಸಂಪುಟದಲ್ಲಿ ಊರೂರುಗಳನ್ನೇ ಸುಟ್ಟ ಮಾಂತ್ರಿಕನೊಬ್ಬ ಸೋತು, ಶಕ್ತಿಯನ್ನೆಲ್ಲ ಕಳೆದುಕೊಂಡು, ಕೊನೆಯ ಅಧ್ಯಾಯದಲ್ಲಿ ನಾಯಕನನ್ನು ಉಳಿಸಲು ಪ್ರಾಣ ಕೊಡುತ್ತಾನೆ. ಹಸ್ತಪ್ರತಿ ಓದಿದ ಗೆಳೆಯರಿಗೆ ಈ ಬದಲಾವಣೆ ನಂಬಿಕೆ ಹುಟ್ಟಿಸಲಿಲ್ಲವಂತೆ. ಪ್ರಾಣಕ್ಕಿಂತ ಹೆಚ್ಚಿನದನ್ನು ಅವನಿಂದ ಕೇಳುವುದು ನ್ಯಾಯವೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಗೆಳೆಯರ ಮಾತಿನಲ್ಲಿ ಹುರುಳಿದೆ. ಊರು ಸುಟ್ಟವನು ಒಂದು ಗಳಿಗೆಯಲ್ಲಿ ಸತ್ತುಹೋದರೆ, ಮನೆಮಠ ಕಳೆದುಕೊಂಡವರ ಕಣ್ಣೆದುರು ದಿನ ದೂಡಬೇಕಾದ ಕಷ್ಟ ಅವನಿಗೂ ತಪ್ಪುತ್ತದೆ, ಅದನ್ನು ಬರೆಯಬೇಕಾದ ಕಷ್ಟ ನಿಮಗೂ ತಪ್ಪುತ್ತದೆ. ಓದುಗರು ಕೇಳುವುದು ಅವನ ಪ್ರಾಣವನ್ನಲ್ಲ. ಅವನನ್ನು ದುಷ್ಟನನ್ನಾಗಿಸಿದ ಗುಣ ಯಾವುದೋ ಅದನ್ನು ಅವನು ಬಿಟ್ಟನೇ ಎಂಬುದನ್ನು. ಎಷ್ಟೋ ಖಳರಿಗೆ ಪ್ರಾಣ ಬಿಡುವುದೇ ಅದಕ್ಕಿಂತ ಸುಲಭ.

ಇದನ್ನು ಹಳಗನ್ನಡದ ಜೈನ ಕವಿ ನಾಗಚಂದ್ರನಷ್ಟು ಸ್ಪಷ್ಟವಾಗಿ ತೋರಿಸಿದವರು ಕಡಿಮೆ. ‘ಪಂಪರಾಮಾಯಣ’ವೆಂದೇ ಹೆಸರಾದ ಅವನ ‘ರಾಮಚಂದ್ರಚರಿತಪುರಾಣ’ದಲ್ಲಿ, ಬಹುರೂಪಿಣೀ ವಿದ್ಯೆಯನ್ನು ಸಾಧಿಸಿಕೊಂಡ ರಾವಣ ಸೀತೆಯ ಬಳಿ ಬಂದು, ರಾಮನ ಸಾವು ಖಚಿತವೆಂಬಂತೆ ಮಾತನಾಡುತ್ತಾನೆ, ಅದನ್ನು ಕೇಳಿ ಅವಳು ಮೂರ್ಛೆ ಹೋಗುತ್ತಾಳೆ. ನೆಲಕ್ಕೊರಗಿದ ಅವಳನ್ನು ಕಂಡಾಗ ರಾವಣನ ಮೋಹ ಕರಗಿ, ಒಲಿದವರಿಬ್ಬರನ್ನು ಅಗಲಿಸಿದೆನಲ್ಲಾ ಎಂಬ ಪಶ್ಚಾತ್ತಾಪ ಹುಟ್ಟುತ್ತದೆ. ಆ ಕ್ಷಣವೇ ಅವಳನ್ನು ಕಳಿಸಿಕೊಟ್ಟಿದ್ದರೆ ಯುದ್ಧವೇ ನಿಲ್ಲುತ್ತಿತ್ತು. ಆದರೆ ಈಗ ಒಪ್ಪಿಸಿದರೆ ತನ್ನ ಪರಾಕ್ರಮಕ್ಕೆ ಕುಂದೆಂದು ಬಗೆದು, ರಾಮಲಕ್ಷ್ಮಣರನ್ನು ರಣದಲ್ಲಿ ಸೆರೆಹಿಡಿದು ತಂದ ಮೇಲೆಯೇ ಸೀತೆಯನ್ನು ಕೊಡುತ್ತೇನೆಂದು ನಿಶ್ಚಯಿಸುತ್ತಾನೆ. ಮೋಹ ಹೋಯಿತು, ಅಹಂಕಾರ ಉಳಿಯಿತು; ಅದು ಅವನನ್ನು ಲಕ್ಷ್ಮಣನ ಚಕ್ರಕ್ಕೆ ಬಲಿಕೊಟ್ಟಿತು. (ಜೈನ ರಾಮಾಯಣಗಳಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ.) ಕನ್ನಡದಲ್ಲಿ ಫ್ಯಾಂಟಸಿ ಬರೆಯಹೊರಟವರು ಈ ಕಾವ್ಯವನ್ನು ಓದದೆ ಮುಂದೆ ಹೋಗಬಾರದೆಂದೇ ನನ್ನ ಅಭಿಪ್ರಾಯ.

ಫ್ಯಾಂಟಸಿಯಲ್ಲೇ ನಿದರ್ಶನ ಬೇಕೆಂದರೆ, 1954–55ರಲ್ಲಿ ಪ್ರಕಟವಾದ ಟೋಲ್ಕಿನ್ನರ ‘ದ ಲಾರ್ಡ್ ಆಫ್ ದ ರಿಂಗ್ಸ್’ನ ಗೊಲ್ಲಮ್ ಇದ್ದಾನೆ. ಮಾಯಾ ಉಂಗುರವೊಂದರ ಆಸೆಗೆ ಗೆಳೆಯನನ್ನೇ ಕೊಂದ ಈತ, ದಾರಿ ತೋರಿಸುವ ನೆಪದಲ್ಲಿ, ಆ ಉಂಗುರವನ್ನು ನಾಶಮಾಡಲು ಹೊರಟ ಫ್ರೋಡೋ ಮತ್ತು ಅವನ ಜೊತೆಗಾರ ಸ್ಯಾಮ್‌ರನ್ನು ದೈತ್ಯ ಜೇಡವೊಂದಕ್ಕೆ ಒಪ್ಪಿಸುವ ಸಂಚು ಹೂಡಿ ಮರಳಿದಾಗ, ಅವರಿಬ್ಬರೂ ಬೆಟ್ಟದ ಮೆಟ್ಟಿಲುಗಳ ಬಳಿ ನಿದ್ದೆಹೋಗಿರುತ್ತಾರೆ. ಅವರನ್ನು ನೋಡುತ್ತ ನೋಡುತ್ತ ಅವನ ಕಣ್ಣಿನ ಹೊಳಪು ಆರುತ್ತದೆ. ಬಂದ ದಾರಿಯತ್ತ ತಿರುಗಿ ತಲೆಯಾಡಿಸುತ್ತಾನೆ. ನಡುಗುವ ಕೈಯಿಂದ ಫ್ರೋಡೋನ ಮೊಣಕಾಲನ್ನು ಹೆಚ್ಚುಕಡಿಮೆ ನೇವರಿಸುವಂತೆ ಮುಟ್ಟುತ್ತಾನೆ. ಅಷ್ಟರಲ್ಲಿ ಎಚ್ಚರಗೊಂಡ ಸ್ಯಾಮ್ ಒರಟಾಗಿ ಗದರುತ್ತಾನೆ, ಆ ಗಳಿಗೆ ಕೈತಪ್ಪಿ ಹೋಗುತ್ತದೆ. ಸ್ಯಾಮ್‌ನದು ಅಕಾರಣ ಸಂಶಯವೇನಲ್ಲ, ಅದನ್ನು ಹುಟ್ಟಿಸಿದ್ದು ಗೊಲ್ಲಮ್‌ನ ಹಿಂದಿನ ನಡತೆ. ಖಳ ಬದಲಾದರೂ ಅವನ ಹಳೆಯ ಕೃತ್ಯಗಳು ಉಳಿದವರ ನೆನಪಿನಲ್ಲಿ ಬದಲಾಗದೆ ಕುಳಿತಿರುತ್ತವೆ. ನಿಮ್ಮ ಕಾದಂಬರಿಯಲ್ಲಿ ಇಂಥ ಸ್ಯಾಮ್ ಒಬ್ಬನೂ ಇದ್ದಂತಿಲ್ಲ.

ಇನ್ನೊಂದು ಅಂಶ. ನಿಮ್ಮ ಮಾಂತ್ರಿಕ ಸೋತು ಶಕ್ತಿಹೀನನಾದ ಬಳಿಕ ಒಳ್ಳೆಯವನಾಗುತ್ತಾನೆ. ಕೈಲಾಗದವನ ಸಜ್ಜನಿಕೆಯನ್ನು ಯಾರು ನಂಬಬೇಕು? ಅವನಲ್ಲಿ ಒಂದಿಷ್ಟಾದರೂ ಶಕ್ತಿ ಉಳಿಯಲಿ. ಎರಡನೆಯ ಸಂಪುಟದಲ್ಲಿಯೇ ಅದನ್ನು ಪ್ರಯೋಗಿಸಲು ತಕ್ಕ ಕಾರಣವೂ ಒದಗಿ, ಪ್ರಯೋಗಿಸದೆ ಅವನು ನಷ್ಟ ಅನುಭವಿಸಲಿ.

ಪ್ರಶ್ನೆ: ಪಶ್ಚಾತ್ತಾಪಪಟ್ಟ ಖಳನನ್ನು ನೊಂದವರು ಕ್ಷಮಿಸಲೇಬೇಕೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಬೇಕಿಲ್ಲ. ಕ್ಷಮೆ ಕೊಡುವವರದು, ಪರಿವರ್ತನೆ ಪಡೆಯುವವನದು. ಒಂದಿಲ್ಲದೆಯೂ ಇನ್ನೊಂದು ನಡೆಯಬಹುದು. ಮೇಲೆ ಹೇಳಿದ ಕಾದಂಬರಿಯಲ್ಲೇ, ತನಗೆ ಚೂರಿ ಹಾಕಲು ಬಂದ ದುಷ್ಟ ಮಾಂತ್ರಿಕ ಸರೂಮಾನ್‌ನನ್ನು ಫ್ರೋಡೋ ಕೊಲ್ಲಗೊಡದೆ ಬಿಟ್ಟುಬಿಡುತ್ತಾನೆ. ಆ ದಯೆಗೆ ಋಣಿಯಾಗಬೇಕಾಯಿತಲ್ಲಾ ಎಂದೇ ಸರೂಮಾನ್ ಕಹಿಯಾಗುತ್ತಾನೆ; ಹೊರಡುವ ಮುನ್ನ ತನ್ನ ಸೇವಕನನ್ನು ಮತ್ತೆ ಹೀಯಾಳಿಸಿ, ಒದ್ದು, ಅವನ ಕೈಯಿಂದಲೇ ಸಾಯುತ್ತಾನೆ.