ಕ್ಯಾಮೆರಾ ಗಾಳಿಪಟಕ್ಕಲ್ಲ, ದಾರಕ್ಕೆ ಕಟ್ಟಿ

ಪ್ರಶ್ನೆ: ಹಳೆಯ ಮೊಬೈಲ್ ಒಂದನ್ನು ಗಾಳಿಪಟದ ನಡುಕಡ್ಡಿಗೆ ಟೇಪ್ ಸುತ್ತಿ ಮೇಲೆ ಕಳಿಸಿದ್ದೆ. ಐದು ಸೆಕೆಂಡಿಗೊಂದು ಫೋಟೋ ತೆಗೆಯುವ ಆ್ಯಪ್ ಹಾಕಿದ್ದೆ. ಇಪ್ಪತ್ತು ನಿಮಿಷ ಹಾರಿತು, 240 ಫೋಟೋ ಬಂತು. ಒಂದೂ ಉಪಯೋಗಕ್ಕಿಲ್ಲ. ಅರ್ಧ ಬರೀ ಆಕಾಶ. ಉಳಿದದ್ದರಲ್ಲಿ ನೆಲ ಓರೆ, ಎಲ್ಲ ಮಸುಕು. ಒಂದರಲ್ಲಂತೂ ನೆಟ್ಟಗಿರುವ ಕಾಂಪೌಂಡ್ ಗೋಡೆ ಹಾವಿನ ಹಾಗೆ ಡೊಂಕಾಗಿದೆ. ಫೋನು ಹಳೆಯದು ಅಂತ ಹೀಗಾಯ್ತಾ ಸರ್? ಹೊಸ ಕ್ಯಾಮೆರಾ ಕೊಳ್ಳಬೇಕಾ?
— ಒಬ್ಬ ಶಾಲಾ ಮೇಷ್ಟ್ರು

ಉತ್ತರ: ಮೇಷ್ಟ್ರೇ, ದುಡ್ಡು ಜೇಬಲ್ಲೇ ಇರಲಿ. ತಪ್ಪು ಫೋನಿನದ್ದಲ್ಲ, ನೀವು ಅದನ್ನು ಕಟ್ಟಿದ ಜಾಗದ್ದು. ಕೆಳಗೆ ನಿಂತು ನೋಡಿದರೆ ಗಾಳಿಪಟ ಆಕಾಶಕ್ಕೆ ಅಂಟಿಸಿದ ಹಾಗೆ ಕಾಣುತ್ತದೆ. ಆದರೆ ಮೇಲೆ ಅದು ಒಂದು ಗಳಿಗೆಯೂ ಸುಮ್ನೆ ಇರುವುದಿಲ್ಲ, ಅದುರುತ್ತಲೇ ಇರುತ್ತದೆ. ಫೋನಿನ ಕ್ಯಾಮೆರಾ ಇಡೀ ಚಿತ್ರವನ್ನು ಒಂದೇ ಸಲಕ್ಕೆ ಹಿಡಿಯುವುದಿಲ್ಲ, ಸಾಲು ಸಾಲಾಗಿ ಓದುತ್ತಾ ಹೋಗುತ್ತದೆ. ಮೊದಲ ಸಾಲಿಗೂ ಕೊನೆಯ ಸಾಲಿಗೂ ನಡುವೆ ಫೋನು ಅಲುಗಾಡಿದರೆ ಗೋಡೆ ಹಾವಾಗುತ್ತದೆ.

ಬೇಜಾರು ಬೇಡ. 1888ರಲ್ಲಿ ಫ್ರಾನ್ಸಿನ ಲಾಬ್ರೂಗಿಯೇರ್ ಎಂಬ ಊರಿನಲ್ಲಿ ಆರ್ತರ್ ಬಾತ್ಯೂ ಗಾಳಿಪಟದಿಂದ ಫೋಟೋ ತೆಗೆದಾಗ ಅವರೂ ಕ್ಯಾಮೆರಾವನ್ನು ಗಾಳಿಪಟದ ಕಡ್ಡಿಗೇ ಕೂರಿಸಿದ್ದರು. ನಿಧಾನಕ್ಕೆ ಉರಿಯುವ ಬತ್ತಿಯೊಂದು ಸುಟ್ಟು ಮುಗಿದಾಗ ಶಟರ್ ಬಿಚ್ಚಿಕೊಳ್ಳುತ್ತಿತ್ತು. ಕೆಲಸ ಆಯ್ತು ಅಂತ ಕೆಳಗಿದ್ದವರಿಗೆ ತಿಳಿಯಲು ಒಂದು ಕಾಗದದ ಪಟ್ಟಿ ಬಿಚ್ಚಿ ಹಾರುತ್ತಿತ್ತು. ಅಷ್ಟೆಲ್ಲ ಮಾಡಿ ಒಂದು ಹಾರಾಟಕ್ಕೆ ಒಂದೇ ಫೋಟೋ! ನಿಮಗೆ 240 ಸಿಕ್ಕಿದೆ.

ಈಗ ಮಾಡಬೇಕಾದ್ದು ಇಷ್ಟು. ಮೊದಲು ಬರೀ ಗಾಳಿಪಟ ಏರಿಸಿ. ಹತ್ತು ನಿಮಿಷ ಗೋತಾ ಹೊಡೆಯದೆ ನಿಂತರೆ ಮಾತ್ರ ಮುಂದಿನ ಮಾತು. ಇಪ್ಪತ್ತು ಮೂವತ್ತು ಮೀಟರ್ ದಾರ ಬಿಟ್ಟ ಮೇಲೆ, ಆ ಜಾಗದಲ್ಲಿ ದಾರಕ್ಕೆ ಕ್ಯಾಮೆರಾ ತೂಗುಹಾಕಿ. ಆಮೇಲೆ ಮತ್ತೆ ದಾರ ಬಿಡಿ. ಗಾಳಿಪಟದ ನಡುಕ ಅಷ್ಟು ದೂರ ಬರುವಷ್ಟರಲ್ಲಿ ಬಹಳ ಮಟ್ಟಿಗೆ ಸತ್ತಿರುತ್ತದೆ.

ತೂಗುಹಾಕುವುದು ಅಂದರೆ ಸುಮ್ನೆ ಗಂಟು ಹಾಕುವುದಲ್ಲ. ಗಂಟು ಬಿದ್ದಲ್ಲಿ ದಾರದ ಬಲ ಕುಗ್ಗುತ್ತದೆ. ಹಾಗಂತ ಸಡಿಲ ಕುಣಿಕೆಯೂ ಆಗದು. ನಾನು ಮೊದಲ ಸಲ ಕುಣಿಕೆ ಹಾಕಿದ್ದೆ. ಕ್ಯಾಮೆರಾ ಜಾರುಬಂಡೆ ಆಡಿದ ಹಾಗೆ ದಾರದುದ್ದಕ್ಕೂ ಸರ್ರಂತ ನನ್ನ ಮುಖಕ್ಕೇ ಬಂತು. ಕೊನೆಯ ಮೂರು ಫೋಟೋಗಳಲ್ಲಿ ನನ್ನ ತೆರೆದ ಬಾಯಿ ಒಂದಕ್ಕಿಂತ ಒಂದರಲ್ಲಿ ದೊಡ್ಡದಾಗುತ್ತಾ ಹೋಗಿದೆ. ಮನೆಯವರು ಅದನ್ನು ಫ್ರೇಮ್ ಹಾಕಿಸಿದ್ದಾರೆ. ಈಗ ನಾನು ಬೆರಳುದ್ದದ ನುಣುಪಾದ ಮರದ ತುಂಡಿಗೆ ದಾರವನ್ನು ಐದಾರು ಸುತ್ತು ಸುತ್ತುತ್ತೇನೆ, ಎರಡೂ ತುದಿಯಲ್ಲಿ ದಾರ ಕಳಚದಂತೆ ಕಚ್ಚು ಮಾಡಿರುತ್ತೇನೆ. ಕೊಕ್ಕೆ ಇರುವುದು ಆ ತುಂಡಿಗೆ. ಅದು ಜಾರುವುದಿಲ್ಲ.

ಇನ್ನು ನೆಲ ಓರೆಯಾಗುವ ವಿಷಯ. ಇದಕ್ಕೆ 1912ರಲ್ಲೇ ಪಿಯೆರ್ ಪಿಕಾವೆ ಎಂಬ ಫ್ರೆಂಚರು ಉಪಾಯ ಕಂಡುಹಿಡಿದಿದ್ದಾರೆ. ಗೇಣುದ್ದದ ಎರಡು ಪಟ್ಟಿಗಳನ್ನು ಕೂಡುವ ಗುರುತಿನ ಹಾಗೆ ಅಡ್ಡಡ್ಡ ಇಟ್ಟು ನಡುವೆ ಬಿಗಿಯಿರಿ. ನಾಲ್ಕು ತುದಿಗೂ ಒಂದೊಂದು ಚಿಕ್ಕ ಉಂಗುರ. ಮೇಲೆ ಗಾಳಿಪಟದ ದಾರದಲ್ಲಿ ಸುಮಾರು ಒಂದು ಮೀಟರ್ ಅಂತರದಲ್ಲಿ ಎರಡು ಕೊಕ್ಕೆ. ಈಗ ಒಂದೇ ಉದ್ದನೆಯ ನುಣುಪು ಹುರಿಯನ್ನು ಕೊಕ್ಕೆಯಿಂದ ಉಂಗುರಕ್ಕೆ, ಉಂಗುರದಿಂದ ಇನ್ನೊಂದು ಕೊಕ್ಕೆಗೆ ಹೀಗೆ ಪೋಣಿಸುತ್ತಾ ಹೋಗಿ. ಪ್ರತಿ ಉಂಗುರದಿಂದಲೂ ಒಂದು ಎಳೆ ಈ ಕೊಕ್ಕೆಗೆ, ಒಂದು ಎಳೆ ಆ ಕೊಕ್ಕೆಗೆ ಹೋಗಿರಬೇಕು. ಕೊನೆಗೆ ಹುರಿಯ ಎರಡು ತುದಿ ಸೇರಿಸಿ ಗಂಟು ಹಾಕಿ. ನಡುವೆ ಎಲ್ಲೂ ಗಂಟು ಬೇಡ, ಹುರಿ ಸಲೀಸಾಗಿ ಓಡಬೇಕು. ದಾರ ಎಷ್ಟೇ ಏರಿಳಿದರೂ ಹುರಿ ಸರಿದುಕೊಂಡು ಪಟ್ಟಿಗಳು ನೆಲಕ್ಕೆ ಸಮನಾಗಿ ನಿಲ್ಲುತ್ತವೆ. ಫೋನನ್ನು ಅದರ ಕೆಳಗೆ ಕಟ್ಟಿ. ಮೊದಲ ಸಲ ಪೋಣಿಸುವಾಗ ಹುರಿ ಖಂಡಿತ ಗೋಜಲಾಗುತ್ತದೆ. ಮನೆಯಲ್ಲಿ, ಎರಡು ಕುರ್ಚಿಗಳ ನಡುವೆ ಹಗ್ಗ ಕಟ್ಟಿ ಅಭ್ಯಾಸ ಮಾಡಿ.

ಆಮೇಲೂ ಫೋನು ಕಟ್ಟುವ ಅವಸರ ಬೇಡ. ಫೋನು ತೂಗಿ. 200 ಗ್ರಾಂ ಇದ್ದರೆ ಪ್ಲಾಸ್ಟಿಕ್ ಬಾಟಲಿಗೆ 200 ಮಿಲಿಲೀಟರ್ ನೀರು ತುಂಬಿ ಅದನ್ನು ಹಾರಿಸಿ. ಬಿದ್ದರೆ ನೀರು ಹೋಗುತ್ತದೆ, ಅಷ್ಟೇ ಅಲ್ವಾ? ಶಟರ್ ವೇಗ ಸೆಕೆಂಡಿನ ಸಾವಿರದಲ್ಲೊಂದು ಭಾಗ ಇರಲಿ, ಫೋಕಸ್ ದೂರಕ್ಕೆ ಲಾಕ್ ಮಾಡಿ.

ಪ್ರಶ್ನೆ: ಎಷ್ಟು ಗಾಳಿ ಬೇಕು, ಯಾವ ಗಾಳಿಪಟ? ನನ್ನ ಕ್ಯಾಮೆರಾ ಸ್ವಲ್ಪ ಭಾರ.

ಉತ್ತರ: ಮರ ನೋಡಿ. ಎಲೆಗಳೂ ಸಣ್ಣ ರೆಂಬೆಗಳೂ ಬಿಡದೆ ಆಡುತ್ತಿದ್ದರೆ ಗಾಳಿ ಗಂಟೆಗೆ 12ರಿಂದ 19 ಕಿ.ಮೀ. ಧೂಳು, ಕಾಗದ ಎದ್ದರೆ 20ರಿಂದ 28. ಈ ಎರಡರ ನಡುವೆ ಒಳ್ಳೆಯದು. ಚಿಕ್ಕ ಮರಗಳೇ ತೂಗಾಡುತ್ತಿದ್ದರೆ ಮನೆಗೆ ಹೋಗಿ. ಗಾಳಿ ಎರಡು ಪಟ್ಟಾದರೆ ಎಳೆತ ನಾಲ್ಕು ಪಟ್ಟಾಗುತ್ತದೆ, ಜನ ಮರೆಯುವುದು ಇದನ್ನೇ.

ಗಾಳಿಪಟದಲ್ಲಿ ನನ್ನ ಓಟು ರೊಕ್ಕಾಕುಗೆ. ಜಪಾನಿನದ್ದು, ಆರು ಮೂಲೆ, ಬಾಲಂಗೋಚಿ ಬೇಡ. ಎರಡು ಮೀಟರ್ ಎತ್ತರದ್ದಾದರೆ 90 ಕೆಜಿ ತಡೆಯುವ ಹೆಣೆದ ಡೇಕ್ರಾನ್ (ಒಂದು ಬಗೆಯ ಪಾಲಿಯೆಸ್ಟರ್) ದಾರ ಹಾಕಿ. ಗಾಜಿನ ಪುಡಿ ಹಚ್ಚಿದ ದಾರ ಬೇಡವೇ ಬೇಡ. ಭಾರದ ಬಗ್ಗೆ ಹೇಳಬೇಕೆಂದರೆ, 1906ರ ಭೂಕಂಪದ ನಂತರ ಜಾರ್ಜ್ ಲಾರೆನ್ಸ್ 20 ಕೆಜಿಗೂ ಜಾಸ್ತಿ ತೂಕದ ಕ್ಯಾಮೆರಾವನ್ನು ಗಾಳಿಪಟಗಳ ಸಾಲಿಗೆ ಕಟ್ಟಿ ಸ್ಯಾನ್ ಫ್ರಾನ್ಸಿಸ್ಕೋದ ಅವಶೇಷಗಳ ಚಿತ್ರ ತೆಗೆದರು. ನೀವು ಅರ್ಧ ಕೆಜಿಯೊಳಗೇ ಇರಿ.

ಪ್ರಶ್ನೆ: ಡ್ರೋನ್ ಇರುವಾಗ ಇದ್ಯಾಕೆ?

ಉತ್ತರ: ಬ್ಯಾಟರಿ ಮುಗಿಯಿತು ಅಂತ ಗಾಳಿಪಟ ಇಳಿಯುವುದಿಲ್ಲ. ಗುಯ್ಯ್ ಅನ್ನುವುದಿಲ್ಲ. ಇನ್ನೊಂದು ಕಾರಣ, ನನಗೆ ಇಷ್ಟ.

ಪ್ರಶ್ನೆ: ಏರಿಸಿದ್ದಾಯ್ತು. ಗಾಳಿ ಜೋರಾಗಿ ದಾರ ಎಳೆಯಲಾಗದೆ ಒದ್ದಾಡಿದೆ. ಇಳಿಸುವುದು ಹೇಗೆ?

ಉತ್ತರ: ಎಳೆಯಬೇಡಿ, ನಡೆಯಿರಿ. ದಾರದ ಬುಡವನ್ನು ಗಟ್ಟಿ ಮರಕ್ಕೆ ಕಟ್ಟಿ. ಹಿಡಿ ಇರುವ ಚಿಕ್ಕ ರಾಟೆಯೊಂದನ್ನು ದಾರದ ಮೇಲೆ ಸಿಕ್ಕಿಸಿ, ಕೆಳಕ್ಕೆ ಜಗ್ಗುತ್ತಾ ಗಾಳಿಪಟದ ಕಡೆ ಹೆಜ್ಜೆ ಹಾಕಿ. ನೀವು ಮುಂದೆ ಹೋದಷ್ಟೂ ಅದು ಕೆಳಗೆ ಬರುತ್ತದೆ. ಅದಕ್ಕೇ ಮುಂದೆ ಖಾಲಿ ಬಯಲು ಇರಬೇಕು. ಕರೆಂಟಿನ ತಂತಿ, ರಸ್ತೆ, ವಿಮಾನ ನಿಲ್ದಾಣ ಹತ್ತಿರ ಇರಬಾರದು. ಗುಡುಗು ಕೇಳಿಸಿದರೆ ಅವತ್ತಿಗೆ ಮುಗಿಯಿತು, ಒದ್ದೆ ದಾರದಲ್ಲಿ ವಿದ್ಯುತ್ ಹರಿಯುತ್ತದೆ. ಚರ್ಮದ ಗ್ಲೌಸ್ ಹಾಕಿಕೊಳ್ಳಿ. ಕ್ಯಾಮೆರಾ ಕೈಗೆಟುಕಿದ ತಕ್ಷಣ ಅದನ್ನು ಬಿಚ್ಚಿ ಜೊತೆಯವರ ಕೈಗೆ ಕೊಡಿ, ಗಾಳಿಪಟ ಆಮೇಲೆ. ನೆಲದ ಹತ್ತಿರ ಗಾಳಿ ಸುಳಿ ಜಾಸ್ತಿ, ಗಾಳಿಪಟ ಗೋತಾ ಹೊಡೆಯುವುದು ಅಲ್ಲೇ.