ಚಾಕು ಮಾಡಿದವನದ್ದೇನು ತಪ್ಪು?

*"ಕಳೆದ ಸಂಚಿಕೆಯಲ್ಲಿ ಯುದ್ಧಕ್ಕೆ ಕೆಲಸ ಮಾಡಿದ ವಿಜ್ಞಾನಿಗಳನ್ನೆಲ್ಲ ಕೊಲೆಗಡುಕರ ಸಾಲಿಗೆ ಸೇರಿಸಿದ್ದೀರಿ. ಚಾಕು ಮಾಡಿದವನು ಬೇರೆ, ಚುಚ್ಚಿದವನು ಬೇರೆ. ದೇಶ ಕಷ್ಟದಲ್ಲಿದ್ದಾಗ ವಿಜ್ಞಾನಿ ಕೈಕಟ್ಟಿ ಕೂರಬೇಕಿತ್ತೇ?"*
— ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರು, ದಾವಣಗೆರೆ

ಮೇಷ್ಟ್ರೇ, ಪತ್ರ ಖಾರವಾಗಿದೆ, ಅಕ್ಷರ ಮುತ್ತಿನಂತಿದೆ. ಕೈಯಲ್ಲಿ ಬರೆದು ಅಂಚೆಗೆ ಹಾಕುವವರು ಈಗ ಎಷ್ಟು ಜನ ಇದ್ದಾರೆ ಹೇಳಿ! ನಿಮ್ಮ ಒಂದು ಮಾತು ಒಪ್ಪುತ್ತೇನೆ. ಹಿಟ್ಲರನಿಗೆ ಅಣುಬಾಂಬ್ ಮೊದಲು ಸಿಕ್ಕಿಬಿಟ್ಟರೆ ಎಂಬ ಭಯ ಸುಳ್ಳು ಭಯವಾಗಿರಲಿಲ್ಲ. ಆ ಭಯಕ್ಕೆ ಕೆಲಸಕ್ಕೆ ಸೇರಿದವರನ್ನು ನಾನು ಬೈಯುವುದಿಲ್ಲ. ಆದರೆ ಚಾಕುವಿನ ಕಥೆ ಬೇಡ.

ನೀವು ವರ್ಷಾನುಗಟ್ಟಲೆ ಪಾಠ ಮಾಡಿರುವ ಜರ್ಮನಿಯ ಕೆಮಿಸ್ಟ್ ಫ್ರಿಟ್ಜ್ ಹೇಬರ್‌ನನ್ನೇ ತಗೊಳ್ಳಿ. ಗಾಳಿಯ ನೈಟ್ರೋಜನ್ ಹಿಡಿದು ಅಮೋನಿಯಾ ಮಾಡಿದ ಪುಣ್ಯಾತ್ಮ. ನಿಮ್ಮ ಜಿಲ್ಲೆಯ ಭತ್ತದ ಗದ್ದೆಗೆ ಬೀಳುವ ಯೂರಿಯಾ ಅವನ ಋಣ. ಅದೇ ಅಮೋನಿಯಾದಿಂದ ಜರ್ಮನಿ ಸಿಡಿಮದ್ದೂ ಮಾಡಿಕೊಂಡಿತು. ಇಲ್ಲಿವರೆಗೆ ನಿಮ್ಮ ಚಾಕು ಸರಿ ಅಂತಲೇ ಇಟ್ಟುಕೊಳ್ಳೋಣ. ಆದರೆ 1915ರ ಏಪ್ರಿಲ್ 22ಕ್ಕೆ ಏನು ಹೇಳುತ್ತೀರಿ? ಮೊದಲ ಮಹಾಯುದ್ಧದಲ್ಲಿ ಜರ್ಮನ್ನರು ಬೆಲ್ಜಿಯಂನ ಈಪ್ರ್ ಪಟ್ಟಣದ ಹತ್ತಿರ 5,700ಕ್ಕೂ ಹೆಚ್ಚು ಕ್ಲೋರಿನ್ ಸಿಲಿಂಡರ್‌ಗಳನ್ನು ಕಂದಕದ ಅಂಚಿನಲ್ಲಿ ಹೂತು, ಗಾಳಿ ಶತ್ರುವಿನ ಕಡೆಗೆ ತಿರುಗಲಿ ಎಂದು ದಿನಗಟ್ಟಲೆ ಕಾದು, ಆ ದಿನ ಗ್ಯಾಸ್ ಬಿಟ್ಟರು. ಕ್ಲೋರಿನ್ ವಿಷದ ಗ್ಯಾಸ್, ಗಾಳಿಗಿಂತ ಭಾರ. ನೆಲಕ್ಕಂಟಿಕೊಂಡು ಹರಿದು ಕಂದಕದೊಳಗೆ ಇಳಿಯುತ್ತದೆ, ಗುಂಡಿಗೆ ಹೆದರಿ ಕೆಳಗೆ ಕೂತವನನ್ನೇ ಹುಡುಕಿಕೊಂಡು ಹೋಗುತ್ತದೆ. ಇದು ಹೊಳೆಯೋಕೆ ಕೆಮಿಸ್ಟ್ರಿ ಗೊತ್ತಿರಬೇಕು, ಅಲ್ವಾ? ಸೇನೆಯ ಕೆಲವು ಅಧಿಕಾರಿಗಳಿಗೇ ಹೇಸಿಗೆ ಅನಿಸಿತ್ತು. ಹೇಬರ್ ಮಾತ್ರ ಖುದ್ದಾಗಿ ಅಲ್ಲೇ ನಿಂತು ಕೆಲಸ ಮಾಡಿಸಿದ. ಹತ್ತು ದಿನ ಕಳೆದು, ಮೇ 2ರಂದು, ಅವನ ಹೆಂಡತಿ ಕ್ಲಾರಾ ಇಮ್ಮರ್‌ವಾರ್, ಆಕೆಯೂ ಕೆಮಿಸ್ಟ್ರಿಯಲ್ಲೇ ಡಾಕ್ಟರೇಟ್ ಪಡೆದವರು, ಗಂಡನ ಪಿಸ್ತೂಲಿನಿಂದಲೇ ಗುಂಡು ಹಾರಿಸಿಕೊಂಡರು. ಇದೊಂದೇ ಕಾರಣ ಎನ್ನಲಾರೆ, ಸಂಸಾರವೂ ಸುಖದ್ದಾಗಿರಲಿಲ್ಲ. ಅವನು ಮಾತ್ರ ಬೇಗನೆ ಪೂರ್ವದ ರಣರಂಗಕ್ಕೆ ಹೊರಟ. 1918ರ ನೊಬೆಲ್ ಅವನಿಗೇ ಹೋಯಿತು.

ಆ ಗ್ಯಾಸ್ ಪಡೆಯಲ್ಲೇ ದುಡಿದಿದ್ದವರು ಭೌತವಿಜ್ಞಾನಿ ಜೇಮ್ಸ್ ಫ್ರಾಂಕ್. 30 ವರ್ಷದ ನಂತರ, 1945ರ ಜೂನ್‌ನಲ್ಲಿ, 'ಜಪಾನಿನ ಮೇಲೆ ಹಠಾತ್ತನೆ ಬಾಂಬ್ ಹಾಕಬೇಡಿ, ಜನವಿಲ್ಲದ ಜಾಗದಲ್ಲಿ ಸಿಡಿಸಿ ತೋರಿಸಿ' ಎಂದು ಅಮೆರಿಕ ಸರ್ಕಾರಕ್ಕೆ ವರದಿ ಕೊಟ್ಟ ಸಮಿತಿಗೆ ಇವರೇ ಅಧ್ಯಕ್ಷರು. ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ, ಅದು ಬೇರೆ ಮಾತು.

ಇನ್ನು 'ಕೈಕಟ್ಟಿ ಕೂರಬೇಕಿತ್ತೇ' ಎಂಬ ಪ್ರಶ್ನೆಗೆ ಜೋಸೆಫ್ ರಾಟ್‌ಬ್ಲಾಟ್ ಸಾಕು. ಪೋಲೆಂಡಿನ ಯಹೂದಿ ಭೌತವಿಜ್ಞಾನಿ. ಹೆಂಡತಿ ಅಲ್ಲೇ ಸಿಕ್ಕಿಹಾಕಿಕೊಂಡರು, ಮತ್ತೆ ಅವರನ್ನು ನೋಡಲಾಗಲಿಲ್ಲ. ಹಿಟ್ಲರನ ಮೇಲೆ ಇವರಿಗಿಂತ ಜಾಸ್ತಿ ಸಿಟ್ಟು ಯಾರಿಗಿರಬೇಕು? ಆದರೂ 1944ರ ಕೊನೆಯಲ್ಲಿ, ಜರ್ಮನಿ ಬಾಂಬಿನ ಆಸೆ ಬಿಟ್ಟಿದೆ ಎಂದು ತಿಳಿದ ಮೇಲೆ, ಅಮೆರಿಕ ಅಣುಬಾಂಬ್ ಮಾಡುತ್ತಿದ್ದ ಲಾಸ್ ಅಲಮೋಸ್ ಪ್ರಯೋಗಾಲಯ ಬಿಟ್ಟು ಹೊರಟರು. ಅಧಿಕಾರಿಗಳು ಇವರನ್ನೇ ಗೂಢಚಾರ ಅಂತ ಅನುಮಾನಪಟ್ಟರು, ಕಾರಣ ಯಾರಿಗೂ ಹೇಳಬೇಡಿ ಅಂದರು. ಆಮೇಲೆ ಅವರು ಲಂಡನ್ನಿನ ಆಸ್ಪತ್ರೆಯೊಂದರ ಕಾಲೇಜಿನಲ್ಲಿ, ವಿಕಿರಣದಿಂದ ದೇಹಕ್ಕೇನಾಗುತ್ತದೆ ಎಂದು ನೋಡುತ್ತಾ ಕೂತರು. 1995ರಲ್ಲಿ ಶಾಂತಿ ನೊಬೆಲ್ ಬಂತು. ಬಾಂಬಿನ ಕೆಲಸದಲ್ಲೇ ಉಳಿದವರಿಗೂ, ತಾವು ಸೇರಿದ ಕಾರಣ ಆಗಲೇ ಮುಗಿದಿತ್ತಲ್ಲ ಮೇಷ್ಟ್ರೇ? ಕೆಲಸ ಚೆನ್ನಾಗಿ ಸಾಗ್ತಿತ್ತು, ಸುಮ್ನೆ ಮುಂದುವರಿಸಿದರು.

ನನ್ನ ಸಿಟ್ಟು ಅಷ್ಟಕ್ಕೇ ನಿಲ್ಲುವುದಿಲ್ಲ. ಪಿಯುಸಿ ಹುಡುಗರನ್ನು ಹೇಬರ್ ವಿಧಾನ ಕೇಳಿ ನೋಡಿ, ಒತ್ತಡ, ಉಷ್ಣತೆ, ಕಬ್ಬಿಣದ ಕ್ಯಾಟಲಿಸ್ಟ್ ಎಲ್ಲ ಗಡಗಡ ಹೇಳುತ್ತಾರೆ. ಈಪ್ರ್ ಅಂದರೆ, 'ಸಿಲಬಸ್‌ನಲ್ಲಿಲ್ಲ ಸರ್' ಅನ್ನುತ್ತಾರೆ. ಕ್ಷಿಪಣಿ ಹಾರಿದ ಮಾರನೇ ದಿನ ನಮ್ಮ ಪತ್ರಿಕೆಗಳೂ ಅಷ್ಟೇ, ಎಷ್ಟು ದೂರ ಹೋಯಿತು ಅಂತ ಮುಖಪುಟದಲ್ಲಿ ಬರೆಯುತ್ತವೆ, ಯಾರ ತಲೆ ಮೇಲೆ ಬೀಳಲಿಕ್ಕೆ ಅಂತ ಕೇಳುವುದಿಲ್ಲ. ಕೇಳಿದವನು ದೇಶದ್ರೋಹಿ. ಬೆಳಿಗ್ಗೆ ಸಿಇಟಿ ಕೋಚಿಂಗ್, ಸಂಜೆ ನೀಟ್ ಕೋಚಿಂಗ್ ಅಂತ ಓಡುವ ಮಕ್ಕಳಿಗೆ ಇದನ್ನೆಲ್ಲ ಯಾರು ಹೇಳಬೇಕು? ನಿಮ್ಮಂಥ ಮೇಷ್ಟ್ರೇ ಚಾಕುವಿನ ಕಥೆ ಹೇಳಿ ಮುಗಿಸಿದರೆ!

ಫ್ರಾಂಕ್ ವರದಿಯ ಬಗ್ಗೆ ಮುಂದಿನ ಸಂಚಿಕೆಗೆ ನೀವೇ ಒಂದು ಲೇಖನ ಬರೆದುಕೊಡಿ. ನನ್ನನ್ನು ಬೈದರೂ ಹಾಕುತ್ತೇನೆ. ಸಮೀಕರಣಗಳು ಮಾತ್ರ ಜಾಸ್ತಿ ಬೇಡ.

— ಸಂ.