ಗುಟ್ಟು ಬೇರೆ, ಕಳ್ಳತನ ಬೇರೆ

ದಾವಣಗೆರೆ ವಿನೋಬನಗರದ ಓದುಗರೊಬ್ಬರ ಪತ್ರ: "ಹೊಲಿಗೆಯಲ್ಲಿ ಉಳಿಸಿದ 38 ಸಾವಿರ ರೂಪಾಯಿಯನ್ನು ನನ್ನದೇ ಖಾತೆಗೆ ಕಟ್ಟಲು ಹೋಗಿದ್ದೆ. ಬ್ಯಾಂಕಿನವರು ಆಧಾರ್ ಜೆರಾಕ್ಸ್ ಕೇಳಿದರು, ಕೊಟ್ಟೆ. ಆಮೇಲೆ ಸಾಲಿನಲ್ಲಿದ್ದವರಿಗೆಲ್ಲ ಕೇಳುವ ಹಾಗೆ 'ಇಷ್ಟು ದುಡ್ಡು ಎಲ್ಲಿಂದ ಬಂತು?' ಎಂದರು. ಹಿಂದೆ ನಮ್ಮ ಓರಗಿತ್ತಿ ನಿಂತಿದ್ದರು. ನಗದು ಇಟ್ಟುಕೊಳ್ಳುವುದೇ ತಪ್ಪಾ?"

ಇಲ್ಲಮ್ಮ, ತಪ್ಪಲ್ಲ. ಓರಗಿತ್ತಿಯ ಮಾತು ಬಂದ ಕಡೆ ನಾನು ಓದುವುದನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತೆ.

ಬ್ಯಾಂಕಿನವರ ಕಷ್ಟವೂ ಇದೆ. ಅಕ್ರಮ ಹಣ ವರ್ಗಾವಣೆ ತಡೆಯುವ 2002ರ ಕಾಯ್ದೆ ಅವರ ತಲೆ ಮೇಲಿದೆ. ಆದರೆ ಕೌಂಟರಿನಲ್ಲಿ ವರ್ಷಗಟ್ಟಲೆ ನಡೆದ ಪ್ಯಾನ್ ನಿಯಮ ಕೂಡ ಇದ್ದದ್ದು ಒಂದೇ ದಿನ 50 ಸಾವಿರಕ್ಕಿಂತ ಜಾಸ್ತಿ ನಗದು ಕಟ್ಟುವವರಿಗೆ. ನಿಮ್ಮದು 38 ಸಾವಿರ. ಖಾತೆ ತೆರೆದಾಗಲೇ ಗುರುತಿನ ಚೀಟಿ, ಫೋಟೊ, ಸಹಿ ಎಲ್ಲ ಕೊಟ್ಟಿರುತ್ತೀರಿ. ಮತ್ತೆ ಯಾಕೆ ಜೆರಾಕ್ಸ್?

ನಮ್ಮವ್ವ ಒಣಮೆಣಸಿನಕಾಯಿ ಡಬ್ಬಿಯಲ್ಲಿ ದುಡ್ಡಿಡುತ್ತಿದ್ದಳು. ಹಾಲು ಮಾರಿದ್ದು, ತವರಿನವರು ಸೀರೆ-ಕುಬುಸಕ್ಕೆಂದು ಕೊಟ್ಟದ್ದು. ಅಪ್ಪನಿಗೆ ಗೊತ್ತಿರಲಿಲ್ಲ. ನನ್ನ ಕಾಲೇಜು ಫೀಸು, ತಂಗಿಯ ಬಾಣಂತನ ನಡೆದದ್ದು ಆ ಡಬ್ಬಿಯಿಂದ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟು ರದ್ದಾದವು. ಅವ್ವ ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಖಾರದ ಘಾಟು ಹೊಡೆಯುವ ನೋಟುಗಳನ್ನು ಅಪ್ಪನ ಮುಂದಿಟ್ಟು, ತಪ್ಪು ಮಾಡಿದವಳ ಹಾಗೆ ತಲೆ ತಗ್ಗಿಸಿ ನಿಂತಳು. ಕದ್ದಿದ್ದಾದರೂ ಏನನ್ನು? ನಿಮ್ಮನ್ನೂ ಆ ಸಾಲಿನಲ್ಲಿ ಹಾಗೇ ನಿಲ್ಲಿಸಿದರಲ್ಲ, ಅದು ನನಗೆ ತಡೆಯಲಾಗಲಿಲ್ಲ.

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ, 86ರ ವಯಸ್ಸಿನಲ್ಲಿ ಕೋರ್ಟಿಗೆ ಹೋದರು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಕಡ್ಡಾಯ ಮಾಡಿದ್ದನ್ನು 2018ರಲ್ಲಿ ಅದೇ ಕೋರ್ಟು ತೆಗೆದುಹಾಕಿತು. ಆದರೂ ಸಿಮ್ಮಿಗೊಂದು ಜೆರಾಕ್ಸ್, ಲಾಡ್ಜಿಗೊಂದು, ಮಕ್ಕಳ ಶಾಲೆಗೊಂದು. ಇವೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತವೆ? ಹೋದ ವರ್ಷ ಒಂದು ಸಂಜೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಮನೆಗೆ ಬಂದೆ. ಪೊಟ್ಟಣ ಬಿಚ್ಚಿದರೆ ಯಾರೋ ಅಜ್ಜಿಯ ಆಧಾರ್, ಪಕ್ಕದಲ್ಲಿ ಹೆಬ್ಬೆಟ್ಟು. ಎಣ್ಣೆ ಕಲೆಯ ನಡುವೆ ಆಕೆಯ ಮುಖ. ತಿನ್ನಲು ಮನಸ್ಸಾಗಲಿಲ್ಲ. ಕಾಗದ ಸುಟ್ಟುಹಾಕಿದೆ.

ನಿಮ್ಮ ಮೇಲೂ ನನಗೆ ಸ್ವಲ್ಪ ಮುನಿಸಿದೆ. ಕೇಳಿದ ತಕ್ಷಣ ಕೊಟ್ಟುಬಿಟ್ಟಿರಿ. ಯಾವ ನಿಯಮ ಅಂತ ಕೇಳಬೇಕಿತ್ತು ಅಲ್ವಾ? ಮುಂದೆ ಕೊಡಲೇಬೇಕಾಗಿ ಬಂದರೆ, ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಕೊಡಿ. ಆಧಾರ್ ಕೊಡುವ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಸಿಗುತ್ತದೆ. ಪ್ರತಿಯ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಎಂದು ಅಡ್ಡವಾಗಿ ಬರೆಯಿರಿ. ದುಡ್ಡು ಎಲ್ಲಿಂದ ಬಂತು ಎಂದರೆ, ಮ್ಯಾನೇಜರ್ ಕೋಣೆಯಲ್ಲಿ ಕೂತು ಹೇಳುತ್ತೇನೆ ಅನ್ನಿ. ಓರಗಿತ್ತಿ ಕೇಳಿದರೆ ಹೇಳಬೇಕೆಂದೇನೂ ಇಲ್ಲ.